ಮಗ್ಗದ ಶೆಡ್ಡಿನ ತುಟಿಮಾತು

ಮಗ್ಗದ ಶೆಡ್ಡಿನೊಳಗೆ ಯಾರ ದನಿಯೂ ಯಾರಿಗೂ ಕೇಳಿಸುವುದಿಲ್ಲ. ಸಾಲುಸಾಲಾಗಿ ನಿಂತ ಕಬ್ಬಿಣದ ಮಗ್ಗಗಳು ಒಟ್ಟಿಗೆ ಬಡಿಯತೊಡಗಿದರೆ ನೆಲ ನಡುಗುತ್ತದೆ, ತಗಡಿನ ಚಾವಣಿ ನಡುಗುತ್ತದೆ, ಹಲ್ಲಿನ ಬೇರಿನಲ್ಲೂ ಒಂದು ಜುಮುಜುಮು ಹಿಡಿದು ಕೂರುತ್ತದೆ. ಹೊಸಬರು ಮೊದಮೊದಲು ಕಿವಿಯ ಹತ್ತಿರ ಬಂದು ಕಿರುಚಿಕೊಳ್ಳುತ್ತಾರೆ, ಹಳಬರು ನಗುತ್ತಾರೆ. ಇಲ್ಲಿ ಗಂಟಲು ಹರಿದುಕೊಂಡು ಪ್ರಯೋಜನವಿಲ್ಲ, ತುಟಿಯನ್ನು ಬಿಡಿಸಿ ಬಿಡಿಸಿ ಆಡಿಸಿದರೆ ಸಾಕು ಎಂಬುದು ಅವರಿಗೂ ಬರಬರುತ್ತ ಗೊತ್ತಾಗುತ್ತದೆ. ಆಮೇಲೆ ನೋಡಬೇಕು. ಆ ಮೂಲೆಯಲ್ಲಿ ನಿಂತವನು ಈ ಮೂಲೆಯವಳ ಬಾಯಿ ನೋಡಿಯೇ ಅವಳ ಮನೆಯಲ್ಲಿ ಬೆಳಿಗ್ಗೆ ಅಡುಗೆಗೆ ಉಪ್ಪು ಜಾಸ್ತಿಯಾದದ್ದನ್ನೂ, ಗಂಡ ತಟ್ಟೆ ತಳ್ಳಿ ಎದ್ದದ್ದನ್ನೂ, ಅವಳು ಅದೇ ತಟ್ಟೆಯನ್ನು ಮತ್ತೆ ಅವನ ಮುಂದೆ ಇಟ್ಟದ್ದನ್ನೂ ತಿಳಿದುಕೊಂಡುಬಿಡುತ್ತಾನೆ. ಜಗಳ, ಸರಸ, ಮೇಸ್ತ್ರಿಗೆ ಬೈಗುಳ ಎಲ್ಲವೂ ದನಿಯಿಲ್ಲದೆ ನಡೆಯುತ್ತವೆ. ಮಾತು ಸಾಕೆನಿಸಿದರೆ ಮುಖ ತಿರುಗಿಸಿಕೊಂಡರೆ ಆಯಿತು, ಅಲ್ಲಿಗೆ ಮಾತು ಕಡಿದ ಹಾಗೆ.

ನೂಲಿನ ಧೂಳು ಎದೆಗೆ ಹೋಗುತ್ತದೆ ಅಂತ ಮಾಲೀಕರು ಒಮ್ಮೆ ಎಲ್ಲರಿಗೂ ಬಟ್ಟೆಯ ಮಾಸ್ಕ್ ಹೊಲಿಸಿ ಕೊಟ್ಟಿದ್ದರು. ಒಬ್ಬರೂ ಕಟ್ಟಿಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡರೆ ಮಾತಾಡುವುದು ಹೇಗೆ? ಕೆಲವರು ಅದರಲ್ಲಿ ಮಗ್ಗದ ಎಣ್ಣೆ ಒರೆಸಿದರು, ಕೆಲವರು ಬುತ್ತಿಯ ಡಬ್ಬಿಗೆ ಸುತ್ತಿದರು. "ಮದುವೆ ದಿನಾನೇ ನನ್ನ ಬಾಯಿ ಕಟ್ಟಿ ಆಗಿದೆ, ಇನ್ನೊಂದು ಸಲ ಯಾಕೆ" ಎಂದು ತುಟಿ ಆಡಿಸಿದವನು ರೇಡಿಯೋ. ಎದುರಿಗೇ ಕೂತಿದ್ದ ಅವನ ಹೆಂಡತಿ, "ಕಟ್ಟಿದ್ದು ಸಡಿಲ ಆಗಿರ್ಬೇಕು, ಇಲ್ದಿದ್ರೆ ಇಷ್ಟು ಮಾತು ಎಲ್ಲಿಂದ ಸುರೀತಿತ್ತು" ಎಂದಳು. ಅದೂ ತುಟಿಯಲ್ಲೇ. ಇಡೀ ಸಾಲು ನಕ್ಕಿತು.

ರೇಡಿಯೋ ಅನ್ನುವುದು ಶೆಡ್ಡಿನವರು ಇಟ್ಟ ಹೆಸರು. ಮಗ್ಗ ಚಾಲೂ ಆಗುತ್ತಿದ್ದಂತೆ ಅವನ ಬಾಯಿಯೂ ಚಾಲೂ ಆಗುತ್ತಿತ್ತು, ಎರಡೂ ನಿಲ್ಲುತ್ತಿದ್ದುದು ಊಟಕ್ಕೆ ಮಾತ್ರ. ಹೆಂಡತಿ ಅವನ ಮಗ್ಗದ ಎದುರಿನ ಗೋಡೆಗೆ ಒತ್ತಿಕೊಂಡಿದ್ದ ಯಂತ್ರದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಕಡ್ಡಿಯೇ ಕಂಡಿಕೆ. ಮದುವೆಯಾದಾಗಿನಿಂದ ಅವರ ಸಂಸಾರದ ಮುಕ್ಕಾಲು ಮಾತು ಆ ಮಗ್ಗಕ್ಕೂ ಈ ಗೋಡೆಗೂ ನಡುವೆಯೇ ಆಡಿ ಮುಗಿದಿತ್ತು. ಮನೆಗೆ ಹೋದಮೇಲೂ ಕಿವಿಯಲ್ಲಿ ಮಗ್ಗದ ಬಡಿತ ಇಳಿಯುತ್ತಿರಲಿಲ್ಲ, ಹಾಗಾಗಿ ಅಲ್ಲೂ ಇಬ್ಬರೂ ಒಬ್ಬರ ಬಾಯನ್ನು ಒಬ್ಬರು ನೋಡಿಕೊಂಡೇ ಮಾತಾಡುತ್ತಿದ್ದರು. ದನಿ ಹೊರಡುತ್ತಿತ್ತು, ನಿಜ. ಅದು ಹೊರಡುತ್ತಿದ್ದುದು ಮನೆಯಲ್ಲಿದ್ದ ಮೂರನೆಯವರಿಗೆ. ರೇಡಿಯೋನ ತಾಯಿಗೆ ಕಣ್ಣು ಪೂರ್ತಿ ಹೋಗಿತ್ತು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಬೀದಿಯಲ್ಲಿ ಹೋಗುವವರನ್ನು ಚಪ್ಪಲಿಯ ಸದ್ದಿನಿಂದ ಗುರುತು ಹಿಡಿದು ಮಾತಾಡಿಸುವುದು ಅವರ ದಿನಚರಿ.

ಆ ದಿನ ರೇಡಿಯೋ ಹೆಂಡತಿಗೆ ಮೇಸ್ತ್ರಿಯ ಹೊಸ ಬೂಟಿನ ಕಥೆ ಹೇಳುತ್ತಿದ್ದ. ಬೂಟು ಹೆಜ್ಜೆಹೆಜ್ಜೆಗೂ ಕಿಯ್ಯೋ ಅನ್ನುತ್ತಿತ್ತು. ಶೆಡ್ಡಿನ ಸದ್ದಿನಲ್ಲಿ ಅದು ಮೇಸ್ತ್ರಿಗೂ ಗೊತ್ತಿಲ್ಲ, ಬೇರೆಯವರಿಗೂ ಗೊತ್ತಿಲ್ಲ. ಅದನ್ನೇ ಹಾಕಿಕೊಂಡು ಮಾಲೀಕರ ಮನೆಗೆ ಹೋಗಿದ್ದಾನೆ. "ಅಲ್ಲಿ ಗಡಿಯಾರದ ಟಿಕ್‌ಟಿಕ್ ಬಿಟ್ರೆ ಸದ್ದಿಲ್ಲ ಕಣೆ. ಇವನು ಒಂದು ಹೆಜ್ಜೆ ಇಟ್ಟ, ಕಿಯ್ಯೋ. ಇನ್ನೊಂದು, ಕಿಯ್ಯೋ. ಮಾಲೀಕರ ಹೆಂಡ್ತಿ ಒಳಗಿಂದ ಓಡಿಬಂದು..."

ಅಷ್ಟರಲ್ಲಿ ಪಕ್ಕದ ಮಗ್ಗದಿಂದ ಲಾಳಿ ಹಾರಿತು.

ಲಾಳಿ ಅಂದರೆ ಗೇಣುದ್ದದ ಮರದ ದೋಣಿಯಂಥದು, ಎರಡು ತುದಿಗೂ ಉಕ್ಕಿನ ಮೊನೆ. ಅದು ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಆ ಕಡೆಯಿಂದ ಈ ಕಡೆಗೆ ಗುಂಡಿನ ಹಾಗೆ ಓಡಾಡುತ್ತಿರುತ್ತದೆ. ಎಳೆ ತುಂಡಾಗಿ ಸಿಕ್ಕುಬಿದ್ದರೆ ದಾರಿ ತಪ್ಪಿ ಹೊರಗೆ ಚಿಮ್ಮುತ್ತದೆ. ಚಿಮ್ಮದಿರಲಿ ಅಂತ ಪ್ರತಿ ಮಗ್ಗಕ್ಕೂ ಒಂದು ತಡೆಕಂಬಿ ಇರುತ್ತದೆ. ಆ ಕಂಬಿ ಎಳೆ ಗಂಟು ಹಾಕುವಾಗ ಕೈಗೆ ಅಡ್ಡ ಬರುತ್ತದೆಂದು ಎಲ್ಲರೂ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಪಕ್ಕದ ಮಗ್ಗದವನು ಎಡಚ. ಎಡಗೈಯವನಾದ್ದರಿಂದ ಅವನಿಗೆ ಕಂಬಿ ಇನ್ನೂ ಅಡ್ಡ. ಅವನೂ ಬಿಚ್ಚಿದ್ದ, ರೇಡಿಯೋನೂ ಬಿಚ್ಚಿದ್ದ.

ಮೊನೆ ರೇಡಿಯೋನ ಕತ್ತಿಗೆ, ದವಡೆಯ ಮೂಳೆಯ ಕೆಳಗೆ ತಗುಲಿತು. ಅವನು ಕತ್ತು ಹಿಡಿದುಕೊಂಡು ಕೂತುಬಿಟ್ಟ. ಹೆಂಡತಿ ಓಡಿಬಂದು ಅವನ ಕೈ ತೆಗೆಸಿ ನೋಡಿದರೆ ಉಗುರಿನಷ್ಟು ಗಾಯ. ಒಂದಿಷ್ಟು ರಕ್ತ ಜಿನುಗಿ ತಾನೇ ನಿಂತಿತು. ಎಡಚ ಮಗ್ಗ ನಿಲ್ಲಿಸಿ ಓಡಿಬಂದ. ಮೇಸ್ತ್ರಿ ಡಬ್ಬಿಯಿಂದ ಟಿಂಚರ್ ತೆಗೆದು ಹಚ್ಚಿ, ಮೇಲೊಂದು ಪ್ಲಾಸ್ಟರ್ ಅಂಟಿಸಿ, "ಕಣ್ಣಿಗೆ ಬಿದ್ದಿದ್ರೆ ಏನ್ ಗತಿ? ಪುಣ್ಯವಂತ ನೀನು" ಎಂದ. ಎಲ್ಲರಿಗೂ ಹಾಗೇ ಅನಿಸಿತು. ರೇಡಿಯೋ ಒಂದು ಲೋಟ ನೀರು ಕುಡಿದ, ನುಂಗುವಾಗ ಮುಖ ಕಿವಿಚಿಕೊಂಡ, ಮತ್ತೆ ಹೋಗಿ ಮಗ್ಗದ ಮುಂದೆ ನಿಂತ. ಬೂಟಿನ ಕಥೆ ಅಲ್ಲಿಗೇ ನಿಂತಿತು.

ಗಾಯ ಬೇಗನೇ ಒಣಗಿತು. ಮೇಲೆ ಕಪ್ಪು ಹಕ್ಕಳೆ ಕಟ್ಟಿತು. ಹೆಂಡತಿ ದಿನಾ ಬೆಳಿಗ್ಗೆ ಬೆಳಕಿಗೆ ಅವನ ಗಲ್ಲ ತಿರುಗಿಸಿ ನೋಡಿ, "ಆಯ್ತು, ಕೂಡಿಕೊಂಡಿದೆ" ಅನ್ನುತ್ತಿದ್ದಳು. ಕತ್ತು ಒಂದು ಕಡೆ ಸ್ವಲ್ಪ ಊದಿತ್ತು. ಪೆಟ್ಟು ಬಿದ್ದ ಜಾಗ ಊದದೆ ಇನ್ನೇನಾಗುತ್ತದೆ? ಔಷಧಿ ಅಂಗಡಿಯವನು ಕೊಟ್ಟ ನೋವಿನ ಮಾತ್ರೆ ನುಂಗಿದರೆ ಮೈ ಬಿಸಿಯೂ ಇಳಿಯುತ್ತಿತ್ತು.

ಮೊದಲು ಹೇಳಿದ್ದು ತಾಯಿ. ಸಂಜೆ ಮಗ ಒಳಗೆ ಬಂದು "ಊಟ ಆಯ್ತಾ ಅಮ್ಮ" ಎಂದು ಕೇಳಿದ್ದಕ್ಕೆ, ಅವರು ಬೆಂಚಿನ ಮೇಲೆ ನೆಟ್ಟಗಾಗಿ, "ಯಾರಪ್ಪಾ ಬಂದಿರೋದು?" ಎಂದರು.

"ನಾನೇ ಅಮ್ಮ."

"ಯಾರು ನಾನು?"

ಹೆಂಡತಿಗೆ ನಗು ಬಂತು. "ಅತ್ತೆ, ನಿಮ್ಮ ಮಗ ಕಣ್ರೀ. ಬೇರೆ ಯಾರು ಬಂದು ನಿಮ್ಮನ್ನ ಅಮ್ಮ ಅಂತಾರೆ?"

ಮುದುಕಿ ತಲೆ ಓರೆ ಮಾಡಿ ಇನ್ನಷ್ಟು ಕೇಳಿಸಿಕೊಂಡರು. "ಇದು ಅವನ ದನಿ ಅಲ್ಲ ಕಣೆ. ಬಾಯಲ್ಲಿ ಬಿಸಿ ತುತ್ತು ಇಟ್ಕೊಂಡು ಮಾತಾಡಿದ ಹಾಗಿದೆ. ಅವನ ಗಂಟಲಿಗೆ ಏನಾಗಿದೆ ನೋಡು."

"ಲಾಳಿ ತಗುಲಿತ್ತು ಅಂತ ಹೇಳಿದ್ನಲ್ಲ ಅತ್ತೆ. ಗಾಯ ಒಣಗಿದೆ."

"ಗಾಯದ ವಿಷಯ ಯಾರು ಕೇಳಿದ್ರು? ದನಿ ಕೇಳು, ದನಿ."

ಹೆಂಡತಿ ಗಂಡನ ಕಡೆ ತಿರುಗಿದಳು. ಕೇಳಲು ತಿರುಗಿದವಳು ಎಂದಿನ ಅಭ್ಯಾಸದಂತೆ ಅವನ ಬಾಯಿಯನ್ನೇ ನೋಡಿದಳು. ಬಾಯಿ ಆಡುತ್ತಿತ್ತು, ಮಾತು ಅರ್ಥವಾಗುತ್ತಿತ್ತು. "ಅಮ್ಮನಿಗೆ ಕಣ್ಣಾಯ್ತು, ಈಗ ಕಿವಿ ಸರದಿ" ಎಂದಿತು ಬಾಯಿ. ಅವಳು ನಕ್ಕು ತಟ್ಟೆ ಹಾಕಲು ಎದ್ದಳು. ಅವನು ಅರ್ಧ ತಿಂದು ಬಿಟ್ಟ.

ಮುದುಕಿ ಮಾರನೆಯ ದಿನವೂ ಅದನ್ನೇ ಅಂದರು, ಅದರ ಮಾರನೆಯ ದಿನವೂ ಅಂದರು. ವಯಸ್ಸಾದವರು ಒಂದು ಮಾತು ಹಿಡಿದರೆ ಬಿಡುವುದಿಲ್ಲವಲ್ಲ ಎಂದುಕೊಂಡು ಇಬ್ಬರೂ ಹೂಂಗುಟ್ಟಿದರು.

ಶೆಡ್ಡಿನಲ್ಲಿ ಬೇರೆ ತಮಾಷೆ ಶುರುವಾಗಿತ್ತು. ರೇಡಿಯೋನ ದವಡೆ ಬಿಗಿಯುತ್ತ ಬಂದು ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. ತುಟಿ ಓದುವವರಿಗೆ ಮಾತು ಹತ್ತುತ್ತಿರಲಿಲ್ಲ. "ಸ್ಟೇಷನ್ ಸಿಗ್ತಿಲ್ಲ ಕಣಯ್ಯಾ, ಮುಳ್ಳು ತಿರುಗ್ಸು" ಎಂದು ಆ ಕಡೆಯವನೊಬ್ಬ ಕಿವಿ ಹಿಂಡುವ ಅಭಿನಯ ಮಾಡಿದ. "ಬ್ಯಾಟರಿ ಮುಗೀತು" ಎಂದಳು ಇನ್ನೊಬ್ಬಳು. ರೇಡಿಯೋ ಕೈ ಬೀಸಿ ಸುಮ್ಮನಾದ, ಆಮೇಲೆ ಮುಖ ಮಗ್ಗದ ಕಡೆಗೇ ಇಟ್ಟುಕೊಂಡ. ಕತ್ತು ತಿರುಗಿಸಲು ಆಗುತ್ತಿರಲಿಲ್ಲ ಅವನಿಗೆ. ಶೆಡ್ಡಿನವರ ಕಣ್ಣಿಗೆ ಅದು ಮಾತು ಕಡಿದ ಹಾಗೆ ಕಂಡಿತು.

ಎಡಚನಿಗಂತೂ ಊಟವೇ ಸೇರಲಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ರೇಡಿಯೋನ ಹೆಂಡತಿಯನ್ನು ಹಿಡಿದ.

"ಅಕ್ಕಾ, ಅವನು ನನ್ನ ಮುಖಾನೇ ನೋಡ್ತಿಲ್ಲ. ಬೇಕೂಂತ ಮಾಡಿದ್ನಾ ನಾನು? ಕೋಪ ಇದ್ರೆ ಎರಡು ಬೈದುಬಿಡಕ್ಕೆ ಹೇಳು. ಹಿಂಗೆ ಬಾಯಿ ಬಿಗ್ಕೊಂಡು ಕೂತ್ರೆ ಹೆಂಗೆ?"

"ಕೋಪ ಅಲ್ಲಪ್ಪಾ, ನೋವು. ಊದ್ಕೊಂಡಿದೆ. ಇಳೀತದೆ."

"ಇಳೀತದಾ?"

"ಇಳೀತದೆ. ಗಾಯ ನೋಡಿದ್ನಲ್ಲ, ಪೂರ್ತಿ ಒಣಗಿದೆ."

ಅವನ ಸಮಾಧಾನಕ್ಕೆ ಹೇಳಿದ ಮಾತು ಅವಳಿಗೂ ಸಮಾಧಾನವಾಯಿತು.

ಭಾನುವಾರ ಮಗ್ಗಕ್ಕೆ ರಜೆ. ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದು ಮಗನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಅವನು ಗೋಡೆಗೆ ಒರಗದೆ, ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಗೆ ಊರಿಕೊಂಡಿದ್ದ. ಬಾಯಿಯ ಮೂಲೆಯಿಂದ ಎಂಜಲು ಎಳೆಯಾಗಿ ಇಳಿದು ಅಂಗಿ ಒದ್ದೆಯಾಗಿತ್ತು. ತನ್ನ ಎಂಜಲು ತಾನೇ ನುಂಗಲಾರದೆ ಹೋಗಿದ್ದ.

"ಉಸಿರಲ್ಲಿ ಸಿಳ್ಳು ಬರ್ತಿದೆ" ಎಂದರು ಮುದುಕಿ. "ನಿಂಗೆ ಕೇಳಿಸಲ್ಲ ಅಂತ ಗೊತ್ತು. ನನ್ನ ಮಾತು ನಂಬು. ಈಗ್ಲೇ ಕರ್ಕೊಂಡು ಹೋಗು."

ಈ ಸಲ ಅವಳು ಎದುರಾಡಲಿಲ್ಲ. ಎಡಚನ ಮನೆ ಎರಡು ಬಾಗಿಲು ಆಚೆಗೇ ಇತ್ತು. ಅವನು ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿಬಂದು ರೇಡಿಯೋನನ್ನು ಬೆನ್ನಿಗೆ ಹಾಕಿಕೊಂಡ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಬಂದು ಕತ್ತನ್ನು ಬೆರಳಿನಿಂದ ಒತ್ತಿದರು. ಚರ್ಮದ ಕೆಳಗೆ ಒಣ ಎಲೆ ಮುರಿದ ಹಾಗೆ ಚರಚರ ಎಂದಿತು. ಅವರ ಹುಬ್ಬು ಗಂಟಾಯಿತು. ಮೊದಲು ಉಸಿರಿಗೆ ದಾರಿ ಮಾಡಬೇಕೆಂದು ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ನಳಿಗೆ ಇಟ್ಟರು. ಆಮೇಲೆ ಯಂತ್ರದೊಳಗೆ ತಳ್ಳಿ ಫೋಟೋ ತೆಗೆಸಿದರು. ಫೋಟೋ ಬಂದಮೇಲೆ ಹೆಂಡತಿಯನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಅವರ ಮುಖದ ಮೇಲೆ ಮಾಸ್ಕ್ ಇತ್ತು. ಅವಳು ಅದನ್ನೇ ನೋಡುತ್ತ ಕಿವಿಗೆ ಕೈ ಆನಿಸಿದಳು.

"ನನಗೆ ಕಿವಿ ಸ್ವಲ್ಪ ಮಂದ ಅಮ್ಮಾ. ಬಾಯಿ ಕಂಡ್ರೆ ತಿಳಿಯುತ್ತೆ."

ಡಾಕ್ಟರಮ್ಮ ಮಾಸ್ಕ್ ಕೆಳಗಿಳಿಸಿದರು. ವಯಸ್ಸು ಹೆಚ್ಚಿಲ್ಲದ, ದಣಿದ ಮುಖ.

"ಮೊನೆ ಒಳಗೆ ಗಂಟಲಿನ ಹಿಂದಿನ ತನಕ ಹೋಗಿದೆ. ಹೊರಗೆ ಗಾಯ ಮುಚ್ಚಿಕೊಂಡಿತು, ಒಳಗೆ ಕೀವು ಸಿಕ್ಕಿಹಾಕಿಕೊಂಡಿತು. ಕತ್ತಿನೊಳಗೆ ಪದರ ಪದರ ಇರುತ್ತಮ್ಮಾ. ಆ ಪದರಗಳ ನಡುವೆ ಸೀದಾ ಎದೆವರೆಗೂ ಸಂದು ಇರುತ್ತೆ. ಕೀವು ಅದರಲ್ಲೇ ಇಳಿದಿದೆ. ಎದೆಯೊಳಗೆ, ಹೃದಯದ ಸುತ್ತ."

ಅವಳಿಗೆ ಅರ್ಥವಾಯಿತು. ಮಗ್ಗದ ಮೇಲಿಂದ ಒಂದು ತೊಟ್ಟು ಎಣ್ಣೆ ಬಟ್ಟೆಯ ಸುರುಳಿಯ ಮೇಲೆ ಬಿದ್ದರೆ ಹೀಗೇ. ಮೇಲೆ ನೋಡಿದರೆ ಅಂಗಿಯ ಗುಂಡಿಯಷ್ಟು ಕಲೆ. ಬಿಚ್ಚುತ್ತ ಹೋದರೆ ಒಳಗೆ ಸುತ್ತುಸುತ್ತಿಗೂ ಹರಡಿಕೊಂಡಿರುತ್ತದೆ, ಇಡೀ ಸುರುಳಿ ಹಾಳಾಗಿರುತ್ತದೆ.

"ಇಷ್ಟು ಕೀವು ತುಂಬೋವಾಗ ದನಿ ಬದಲಾಗಿರುತ್ತೆ. ಅದು ಮೊದಲನೇ ಸೂಚನೆ. ಯಾರಿಗೂ ಗೊತ್ತಾಗಲಿಲ್ವಾ?"

"ನಮ್ಮ ಶೆಡ್ಡಿನಲ್ಲಿ ದನಿ ಯಾರಿಗೂ ಕೇಳಿಸಲ್ಲಮ್ಮ."

"ಮನೇಲಿ?"

ಅವಳು ಅವರ ಬಾಯಿಯಿಂದ ಕಣ್ಣು ತೆಗೆದಳು. ಡಾಕ್ಟರಮ್ಮ ಮಾಸ್ಕ್ ಏರಿಸಿಕೊಂಡು ಎದ್ದರು.

ಆಪರೇಷನ್ ಆಯಿತು. ಕತ್ತನ್ನು ಎರಡೂ ಬದಿಗೆ ಬಿಚ್ಚಿ, ತೊಳೆದು, ಕತ್ತಿಗೂ ಎದೆಗೂ ನಳಿಗೆಗಳನ್ನು ಇಟ್ಟು ಗಾಜಿನ ಗೋಡೆಯ ಕೋಣೆಗೆ ತಂದು ಮಲಗಿಸಿದರು. ಹೆಂಡತಿಯನ್ನು ಒಳಗೆ ಬಿಡುತ್ತಿದ್ದುದು ಸ್ವಲ್ಪ ಹೊತ್ತು ಮಾತ್ರ, ಅದೂ ಬಾಯಿಗೆ ಮಾಸ್ಕ್ ಕಟ್ಟಿ. ಉಳಿದ ಹೊತ್ತೆಲ್ಲ ಅವಳು ಗಾಜಿನ ಈ ಕಡೆ ನಿಂತಿರುತ್ತಿದ್ದಳು.

ಅವನಿಗೆ ಎಚ್ಚರ ಬಂದಾಗ ದವಡೆಯ ಬಿಗಿ ಸಡಿಲಾಗಿತ್ತು. ಕಣ್ಣು ಬಿಟ್ಟು ಸುತ್ತ ನೋಡಿ, ಆಮೇಲೆ ಗಾಜಿನ ಆಚೆಗೆ ಅವಳನ್ನು ಕಂಡು ತುಟಿ ಆಡಿಸಿದ.

"ಇದೆಂಥ ಊರು ಕಣೆ. ಇಲ್ಲಿ ಒಬ್ಬರಿಗೂ ಬಾಯೇ ಇಲ್ಲ."

ಅವಳು ಗಾಜಿಗೆ ಹಣೆ ಹಚ್ಚಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅವನಿಗೆ ಶೆಡ್ಡಿನಿಂದ ಕಿವಿ ಅವಳಿಗಿಂತ ಹೆಚ್ಚು ಹೋಗಿತ್ತು. ಸುತ್ತ ಓಡಾಡುವವರೆಲ್ಲ ಮಾಸ್ಕ್‌ನವರು, ಅವರು ಏನು ಹೇಳಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ನಳಿಗೆಯಿಂದಾಗಿ ಅವನಿಗೂ ದನಿಯಿಲ್ಲ, ಅವನು ಹೇಳುವುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಕೈ ಊದಿ ಬೆರಳುಗಳು ಮಡಚುತ್ತಿರಲಿಲ್ಲ, ಕತ್ತು ಅಲ್ಲಾಡಿಸುವ ಹಾಗಿರಲಿಲ್ಲ. ನರ್ಸು ಹೊರಗೆ ಬಂದು, "ಅಮ್ಮಾ, ಏನೋ ಹೇಳ್ತಿದ್ದಾರೆ, ನೋಡಿ" ಅನ್ನುವರು. ಅವಳು ಗಾಜಿನಿಂದಲೇ ನೋಡಿ, "ಎಡ ಹಿಮ್ಮಡಿ ಉರೀತಿದೆಯಂತೆ, ದಿಂಬು ಇಡಬೇಕಂತೆ" ಅನ್ನುವಳು. ನರ್ಸಿಗೆ ಆಶ್ಚರ್ಯ.

ಪಕ್ಕದ ಹಾಸಿಗೆಯಲ್ಲೂ ನಳಿಗೆ ಹಾಕಿಕೊಂಡ ಮುದುಕರೊಬ್ಬರಿದ್ದರು. ಅವರ ಮಗಳು ಇವಳ ತೋಳು ಹಿಡಿದು, "ಅಕ್ಕಾ, ನಮ್ಮಪ್ಪ ಆಗಿಂದ ಅದೇನೋ ಅಂತಿದ್ದಾರೆ, ಸ್ವಲ್ಪ ನೋಡ್ತೀರಾ?" ಎಂದು ಬೇಡಿಕೊಂಡಳು. ಇವಳು ನೋಡಿ, ಸ್ವಲ್ಪ ನಾಚಿಕೊಂಡು, "ಆ ಕೂದಲು ಗುಂಗುರು ಇರೋ ನರ್ಸನ್ನ ಮಾತ್ರ ಕಳ್ಸಿ ಅಂತಿದ್ದಾರೆ, ಬೇರೆಯವರ ಕೈ ಒರಟಂತೆ" ಎಂದಳು. ಅಲ್ಲಿ ಕಾಯುತ್ತ ಕೂತವರೆಲ್ಲ ನಕ್ಕರು. ಅಂದಿನಿಂದ ಅವಳಿಗೊಂದು ಸ್ಥಾನ ಸಿಕ್ಕಿತು. ಯಾರೋ ಕುರ್ಚಿ ಬಿಟ್ಟುಕೊಟ್ಟರು, ಯಾರೋ ಚಹಾ ತಂದುಕೊಟ್ಟರು.

ಎಡಚನೂ ಬಂದ. ಗಾಜಿನ ಮುಂದೆ ಟೋಪಿ ಹಿಂಡುತ್ತ ನಿಂತು, "ತಪ್ಪಾಯ್ತು ಕಣೋ" ಎಂದ, ತುಟಿಯಲ್ಲಿ.

"ನಿನ್ನ ಲಾಳಿಗೂ ನಿನ್ನ ಹಾಗೇ ಎಡ ಬಲ ಗೊತ್ತಿಲ್ಲ" ಎಂದ ರೇಡಿಯೋ. "ಕಂಬಿ ಹಾಕಿದ್ಯಾ?"

"ಎಲ್ಲರ ಮಗ್ಗಕ್ಕೂ ಹಾಕಿಸಿದ್ರು ಮೇಸ್ತ್ರಿ."

"ಹಂಗಾದ್ರೆ ನಾಳೆಯಿಂದ ಎಲ್ಲರೂ ನನ್ನ ಬಯ್ತಾರೆ."

ಎಡಚ ಹೋದಮೇಲೆ ಹೆಂಡತಿ ಕೇಳಿದಳು. "ಆವತ್ತು ಬೂಟಿನ ಕಥೆ ಅರ್ಧ ಆಯ್ತಲ್ಲ. ಮಾಲೀಕರ ಹೆಂಡ್ತಿ ಓಡಿಬಂದು ಏನ್ ಮಾಡಿದ್ರು?"

ಅವನು ಉಸಿರು ಎಳೆದುಕೊಂಡು, ತುಟಿ ಒದ್ದೆ ಮಾಡಿಕೊಂಡು, ನಿಧಾನವಾಗಿ ಹೇಳಿದ. "ಕೋಲು ಹಿಡ್ಕೊಂಡು ಓಡಿಬಂದ್ರು. ಇಲಿ ಎಲ್ಲಿ, ಇಲಿ ಎಲ್ಲಿ ಅಂತ. ಮೇಸ್ತ್ರಿಯೂ ಅವರ ಜೊತೆ ಸೋಫಾದ ಕೆಳಗೆಲ್ಲ ಹುಡುಕಿದ. ಹುಡುಕ್ತಾ ಹುಡುಕ್ತಾ ಅವನು ಓಡಾಡಿದಷ್ಟೂ ಇಲಿ ಜಾಸ್ತಿ ಆದ್ವು."

ಅವಳು ಮನೆಗೆ ಹೋಗಿ ಅತ್ತೆಗೆ ಈ ಕಥೆ ಹೇಳಿದಳು. ಮುದುಕಿ ನಗಲಿಲ್ಲ. "ದನಿ ಬಂತಾ?" ಎಂದಷ್ಟೇ ಕೇಳಿದರು.

"ನಳಿಗೆ ಇದೆ ಅತ್ತೆ, ತೆಗೆದ್ಮೇಲೆ ಬರುತ್ತೆ. ಬಾಯಲ್ಲಿ ಎಲ್ಲ ಹೇಳ್ತಾರೆ."

"ನಂಗೆ ಬಾಯಿ ಎಲ್ಲಿ ಕಾಣ್ಬೇಕು" ಎಂದರು ಅವರು. ಹಾಗೆಂದರೂ ಬೆಂಚಿನಿಂದ ಏಳಲಿಲ್ಲ. ಮಗ ಬರುವ ಹೊತ್ತಿಗೆ ಬಾಗಿಲಲ್ಲಿರಬೇಕು ಅಂತ ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದರು.

ಜ್ವರ ಮತ್ತೆ ಏರಿತು. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಎದೆಯ ನಳಿಗೆಯಿಂದ ಬರುವುದು ಕಪ್ಪಾಗಿ, ವಾಸನೆ ಗಾಜಿನ ಬಾಗಿಲು ತೆರೆದಾಗಲೆಲ್ಲ ಹೊರಗಿನ ತನಕ ಬರುತ್ತಿತ್ತು. ಮತ್ತೊಂದು ಸಲ ತೊಳೆದರು. ಆಮೇಲೆ ಅವನು ಕಥೆ ಹೇಳಲಿಲ್ಲ. ತುಟಿ ಆಡಿಸಿದರೆ ಒಂದೊಂದೇ ಮಾತು. "ನೀರು." "ಉರಿ." "ಹೋಗ್ಬೇಡ."

ಆ ಮಧ್ಯಾಹ್ನ ಡಾಕ್ಟರಮ್ಮ ಅವಳನ್ನು ಹಾಸಿಗೆಯ ಪಕ್ಕಕ್ಕೇ ಕರೆದು, ಮಾಸ್ಕ್ ತೆಗೆಯದೆ, ಅವಳ ಕಿವಿಯ ಹತ್ತಿರ ಬಾಗಿ ಬಿಡಿಸಿ ಹೇಳಿದರು.

"ಎದೆ ಪೂರ್ತಿ ತೆರೆದು ಕೊಳೆತದ್ದನ್ನೆಲ್ಲ ತೆಗೀಬೇಕು. ಮಾಡಿದ್ರೂ ಉಳೀತಾರೆ ಅಂತ ನಾನು ಹೇಳಲಾರೆ. ಆಪರೇಷನ್ ಟೇಬಲ್ ಮೇಲೇ ಹೋಗಬಹುದು. ಮಾಡದೇ ಇದ್ರೆ ಉಳಿಯಲ್ಲ, ಅದು ಖಂಡಿತ. ಬೇಡ ಅಂದ್ರೆ ನೋವಿಲ್ಲದ ಹಾಗೆ ನೋಡ್ಕೋತೀವಿ, ಬೇಕಾದ್ರೆ ಮನೆಗೂ ಕಳಿಸ್ತೀವಿ. ಅವರಿಗೆ ಇನ್ನೂ ಎಚ್ಚರ ಇದೆ, ಅವರನ್ನೇ ಕೇಳಬೇಕು. ನಾನು ಹೇಳಿದ್ದು ಒಂದೂ ಬಿಡದೆ ಹೇಳಿ, ಅವರು ಹೇಳಿದ್ದನ್ನ ನನಗೆ ಹೇಳಿ."

ಅವಳು ಮಾಸ್ಕ್ ಗಲ್ಲಕ್ಕೆ ಇಳಿಸಿದಳು. ನರ್ಸು ಬೇಡ ಅನ್ನಲು ಬಂದವರು ಡಾಕ್ಟರಮ್ಮನ ಮುಖ ನೋಡಿ ಸುಮ್ಮನಾದರು. ಅವಳು ಅವನ ಮುಖದ ಮೇಲೆ ಬಾಗಿ, ದನಿಯಿಲ್ಲದೆ, ಶೆಡ್ಡಿನಲ್ಲಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಎಲ್ಲ ಹೇಳಿದಳು. ಒಂದೂ ಬಿಡಲಿಲ್ಲ.

ಅವನು ಅವಳ ಬಾಯನ್ನೇ ನೋಡುತ್ತಿದ್ದ. ಆಮೇಲೆ ಅವನ ತುಟಿ ಆಡಿತು.

"ಸಾಕು ಕಣೆ. ಮನೆಗೆ ಕರ್ಕೊಂಡು ಹೋಗು. ಅಮ್ಮನ ಹತ್ರ. ದನಿ ಇಲ್ದಿದ್ರೇನು, ನನ್ನ ಉಸಿರಾದ್ರೂ ಕೇಳ್ಲಿ ಅವಳಿಗೆ."

ಇಷ್ಟು ಉದ್ದದ ಮಾತನ್ನು ಅವನು ಆಡಿ ಬಹಳ ದಿನವಾಗಿತ್ತು. ತುಟಿಯ ಒಂದೊಂದು ತಿರುವೂ ಅವಳಿಗೆ ಗೊತ್ತಿತ್ತು. ತಪ್ಪು ತಿಳಿಯುವುದಕ್ಕೆ ಜಾಗವೇ ಇರಲಿಲ್ಲ.

"ಏನಂತಾರೆ?" ಎಂದರು ಡಾಕ್ಟರಮ್ಮ.

ಅವಳ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಮಾಸ್ಕ್ ಮೇಲೆತ್ತಿ ಮೂಗಿನ ಮೇಲಿನ ತನಕ ಎಳೆದುಕೊಂಡಳು.

"ಮಾಡಿ ಅಂತಾರೆ" ಎಂದಳು ಬಟ್ಟೆಯ ಒಳಗಿನಿಂದ.

"ಅಷ್ಟೇನಾ? ಬಹಳ ಹೇಳಿದ ಹಾಗಿತ್ತು."

"ಅಮ್ಮನಿಗೆ ಹೇಳು ಅಂದ್ರು. ಬೇಗ ಬರ್ತೀನಿ ಅಂತ."

ತಿರುಗಿ ನೋಡಿದಾಗ ಅವನ ಕಣ್ಣು ಅವಳ ಮಾಸ್ಕ್‌ನ ಮೇಲೇ ಇತ್ತು. ಅವನಿಗೆ ಒಂದು ಅಕ್ಷರವೂ ಕೇಳಿಸಿರಲಿಲ್ಲ, ಕೇಳಿಸುವುದು ಸಾಧ್ಯವೂ ಇರಲಿಲ್ಲ. ಆದರೆ ಅಷ್ಟು ವರ್ಷ ಅವನ ಎದುರಿಗೆ ಕೂತು ಒಂದು ದಿನವೂ ಬಾಯಿ ಮುಚ್ಚಿಕೊಳ್ಳದವಳು ಈಗ ಯಾಕೆ ಮುಚ್ಚಿಕೊಂಡಳು ಎಂಬುದು ತಿಳಿಯದಷ್ಟು ಅವನು ಹೊಸಬನಲ್ಲ. ಕತ್ತು ತಿರುಗಿಸಲು ಆಗದವನು ಕಣ್ಣು ಮುಚ್ಚಿಕೊಂಡ. ಅವಳು ತೋಳು ತಟ್ಟಿದಳು, ಕೆನ್ನೆ ಮುಟ್ಟಿದಳು, ಮಾಸ್ಕ್ ಕಿತ್ತು ಹಾಕಿ, "ರೀ, ಇಲ್ಲಿ ನೋಡಿ, ನೋಡ್ರೀ" ಎಂದಳು. ಅವನು ಕಣ್ಣು ತೆರೆಯಲಿಲ್ಲ. ಗಾಡಿ ತಳ್ಳುವವರು ಬಂದಾಗಲೂ ತೆರೆಯಲಿಲ್ಲ.

ಟೇಬಲ್ ಮೇಲೆ ಹೋಗಲಿಲ್ಲ ಅವನು. ವಾಪಸು ಬಂದ, ಎದೆಯ ತುಂಬ ಬಟ್ಟೆ ತುಂಬಿಸಿಕೊಂಡು, ಮತ್ತಿನಲ್ಲಿ. ಯಂತ್ರ ಅವನ ಪರವಾಗಿ ಉಸಿರಾಡುತ್ತಿತ್ತು. ಅವಳು ಗಾಜಿಗೆ ಅಂಟಿಕೊಂಡು ಅವನ ತುಟಿಯನ್ನು ಕಾದಳು. ತುಟಿ ಒಣಗಿ ಬಿರಿದಿತ್ತು, ಅಲುಗಲಿಲ್ಲ. ಪಕ್ಕದ ಮುದುಕರ ಮಗಳು ಬಂದು ಮತ್ತೇನೋ ಓದಿ ಹೇಳಬೇಕೆಂದು ಕೇಳಿದಳು. ಅವಳು ಮೊದಲ ಸಲ, "ಗೊತ್ತಾಗ್ತಿಲ್ಲಮ್ಮ" ಎಂದಳು. ಒಂದು ಬೆಳಿಗ್ಗೆ ಯಂತ್ರದ ಗೆರೆ ನೆಟ್ಟಗಾಯಿತು. ಡಾಕ್ಟರಮ್ಮ ಹೊರಗೆ ಬಂದು, ಮಾಸ್ಕ್ ಕೆಳಗಿಳಿಸಿ, ಅವಳಿಗೆ ಕಾಣುವ ಹಾಗೆ ಹೇಳಿದರು.

ಎಲ್ಲ ಮುಗಿದು, ಬಂದವರೆಲ್ಲ ಹೋದಮೇಲೆ, ಅತ್ತೆ ಸೊಸೆ ಇಬ್ಬರೇ ಉಳಿದರು. ಮುದುಕಿ ಬೆಂಚಿನ ಮೇಲೆ ಕೂತೇ ಕೇಳಿದರು.

"ಕೊನೆಗೆ ಏನಂದ?"

ಸೊಸೆ ಅವರ ಕಾಲ ಹತ್ತಿರ ನೆಲದಲ್ಲಿ ಕೂತಿದ್ದಳು. ತಲೆ ಎತ್ತಿ, ಅವರ ಮುಖ ನೋಡುತ್ತ, ಅವನು ಹೇಳಿದ್ದನ್ನು ಇದ್ದಂತೆ ಹೇಳಿದಳು. ದನಿ ತೆಗೆಯಲಿಲ್ಲ, ತುಟಿ ಮಾತ್ರ ಆಡಿಸಿದಳು.

ಮುದುಕಿ ತಲೆ ಓರೆ ಮಾಡಿದರು. "ತುಟಿ ಆಡಿದ್ದು ಕೇಳಿಸ್ತು. ಅದನ್ನೇ ಗಟ್ಟಿಯಾಗಿ ಹೇಳು."

ಹೇಳದೆ ದಾರಿಯಿರಲಿಲ್ಲ. "ಸಾಕು ಅಂದ್ರು ಅತ್ತೆ. ಮನೆಗೆ ಕರ್ಕೊಂಡು ಹೋಗು ಅಂದ್ರು. ನಿಮ್ಮ ಹತ್ರ. ದನಿ ಇಲ್ದಿದ್ರೂ ಉಸಿರಾದ್ರೂ ಕೇಳ್ಲಿ ಅಂದ್ರು. ನಾನು ಡಾಕ್ಟರಿಗೆ ಬೇರೆ ಹೇಳ್ದೆ. ಉಳೀತಾರೆ ಅಂದ್ಕೊಂಡು ಹೇಳ್ದೆ."

ಬೀದಿಯಲ್ಲಿ ಯಾರದೋ ಚಪ್ಪಲಿ ಸದ್ದು ಬಂದು ಹೋಯಿತು. ಮುದುಕಿ ಮಾತಾಡಿಸಲಿಲ್ಲ. ಬೈಗುಳವೂ ಅಲ್ಲದ ಅಳುವೂ ಅಲ್ಲದ ದನಿಯಲ್ಲಿ ಅಂದರು:

"ಇಲ್ಲೇ ಬಾಗಿಲಲ್ಲೇ ಕೂತಿದ್ದೆ ಕಣೆ ನಾನು, ಅಷ್ಟೂ ದಿನ."

ಅದರ ಮೇಲೆ ಅವರು ಸೊಸೆಯನ್ನು ಏನೂ ಕೇಳಲಿಲ್ಲ. ಅವಳು ತಟ್ಟೆ ತಂದಿಟ್ಟರೆ ಉಂಡರು, ಇಡದಿದ್ದರೆ ಇಲ್ಲ.

ಸೋಮವಾರ ಅವಳು ಶೆಡ್ಡಿಗೆ ಹೋದಳು. ಅವನ ಮಗ್ಗದಲ್ಲಿ ಬೇರೊಬ್ಬ ನಿಂತಿದ್ದ. ಹೊಸಬ. ತಡೆಕಂಬಿ ಹಾಕಿತ್ತು, ಅದು ಕೈಗೆ ಅಡ್ಡ ಬರುವುದಕ್ಕೆ ಅವನು ಗೊಣಗುತ್ತಿದ್ದುದು ಕಾಣಿಸುತ್ತಿತ್ತು. ಎಡಚ ತನ್ನ ಜಾಗದಿಂದ ಅವಳನ್ನು ನೋಡಿ ಏನೋ ಕೇಳಲು ಬಾಯಿ ತೆರೆದ. ಆ ಕಡೆ ಸಾಲಿನ ಹೆಂಗಸರೂ ಅವಳ ಬಾಯಿ ನೋಡುತ್ತ ಕಾಯುತ್ತಿದ್ದರು. ಅವನ ಕೊನೆಯ ಮಾತು ಅವಳೊಬ್ಬಳಿಗೇ ಗೊತ್ತಿರುವುದು ಅಂತ ಅಷ್ಟು ಹೊತ್ತಿಗೆ ಎಲ್ಲರಿಗೂ ಸುದ್ದಿ ಹೋಗಿತ್ತು.

ಅವಳು ಯಂತ್ರದ ಕೆಳಗಿನ ಡಬ್ಬಿಯಲ್ಲಿ ತಡಕಾಡಿದಳು. ಮಾಲೀಕರು ಕೊಟ್ಟಿದ್ದ ಮಾಸ್ಕ್ ಅಡಿಯಲ್ಲಿತ್ತು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಕೊಡವಿ, ಮೂಗು ಬಾಯಿ ಮುಚ್ಚುವಂತೆ ಕಟ್ಟಿಕೊಂಡು, ಹಿಂದೆ ಬಿಗಿಯಾಗಿ ಗಂಟು ಹಾಕಿದಳು. ನೂಲಿನ ತುದಿ ಹುಡುಕಿ ಕಂಡಿಕೆಗೆ ಸುತ್ತಿ, ಯಂತ್ರ ಚಾಲೂ ಮಾಡಿದಳು.